ಗ್ಯಾರೇಜಿಗೆ ಪ್ರೊಪೇನ್ ಹೀಟರ್: ಮಿಶಿಗನ್ ಚಳಿಗೆ ಯಾವುದನ್ನು ಕೊಳ್ಳಲಿ?

ತೇಗದಮರ, ಕ್ಯಾಂಟನ್, ಮಿಶಿಗನ್

ನಮ್ಮ ಕನ್ನಡ ಕೂಟದ ಯುಗಾದಿ ನಾಟಕಕ್ಕೆ ರಂಗಸಜ್ಜಿಕೆ ಮಾಡಿಕೊಡುವ ಹೊಣೆ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ಒಂದು ಸಿಂಹಾಸನ, ಎರಡು ಕಂಬ, ಅರಮನೆಯ ಬಾಗಿಲಿನ ಚೌಕಟ್ಟು, ಬಿಡಿಬಿಡಿಯಾಗಿ ಕಳಚಿ ವ್ಯಾನಿನಲ್ಲಿ ಸಾಗಿಸುವಂಥ ಒಂದು ರಥ. ಕೆಲಸವೆಲ್ಲ ಜನವರಿ, ಫೆಬ್ರವರಿಯಲ್ಲೇ ಆಗಬೇಕು. ಜಾಗವೆಂದರೆ ಮನೆಗೆ ಅಂಟಿಕೊಂಡಿರುವ ಎರಡು ಕಾರಿನ ಗ್ಯಾರೇಜ್: 22 ಅಡಿ ಉದ್ದ, 22 ಅಡಿ ಅಗಲ, 8 ಅಡಿ ಎತ್ತರ. ಮನೆಯ ಕಡೆಯ ಗೋಡೆಗೆ ಮಾತ್ರ ಇನ್ಸುಲೇಷನ್ ಇದೆ. ದೊಡ್ಡ ಬಾಗಿಲು ಬರೀ ತಗಡು. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ. ಉಳಿ ಹಿಡಿದರೆ ಬೆರಳು ಸೆಟೆದುಕೊಳ್ಳುತ್ತವೆ.

ಬಾಡಿಗೆ ಮನೆಯಾದ್ದರಿಂದ ಹೊಸ ವೈರಿಂಗ್ ಎಳೆಸುವಂತಿಲ್ಲ, ಛಾವಣಿಗೆ ಗ್ಯಾಸ್ ಹೀಟರ್ ತೂಗುಹಾಕುವಂತಿಲ್ಲ. ಹಾಗಾಗಿ ಎತ್ತಿ ಇಡಬಹುದಾದ ಪ್ರೊಪೇನ್ ಹೀಟರ್ ಒಂದೇ ದಾರಿ ಎಂದುಕೊಂಡಿದ್ದೇನೆ. 200 ಡಾಲರ್ ಒಳಗೆ ಮುಗಿಯಬೇಕು. ಅಂಗಡಿಯಲ್ಲಿ 9,000 ಬಿಟಿಯುನಿಂದ (ಬಿಟಿಯು ಎಂದರೆ ಶಾಖದ ಅಳತೆ) 1,25,000 ಬಿಟಿಯುವರೆಗೆ ಸಾಲಾಗಿ ಇಟ್ಟಿದ್ದಾರೆ. ನೋಡಿ ತಲೆ ಕೆಟ್ಟಿತು. ಬಲ್ಲವರು ದಾರಿ ತೋರಿಸಿ.

ಹಿಮಕರಡಿ, ಬಫಲೊ

ಟಾರ್ಪಿಡೊ, ಅಂದರೆ ಫ್ಯಾನಿನಿಂದ ಬಿಸಿಗಾಳಿ ಊದುವ ಹೀಟರ್ ತೆಗೆದುಕೊಳ್ಳಿ, 60,000 ಬಿಟಿಯು. ಹದಿನೈದು ನಿಮಿಷದಲ್ಲಿ ಗ್ಯಾರೇಜ್ ಬೆಚ್ಚಗಾಗುತ್ತದೆ, ಆರಿಸಿಬಿಡಿ, ಕೆಲಸ ಮಾಡಿ, ತಣ್ಣಗಾದರೆ ಮತ್ತೆ ಹಚ್ಚಿ. ನಾನು ಕಾರಿನ ಬ್ರೇಕ್, ಸಸ್ಪೆನ್ಷನ್ ಕೆಲಸವನ್ನೆಲ್ಲ ಚಳಿಗಾಲದಲ್ಲಿ ಹೀಗೆಯೇ ಮಾಡುವುದು. ಚಿಕ್ಕ ಹೀಟರಿನ ಮುಂದೆ ಕೈ ಕಾಯಿಸಿಕೊಳ್ಳುತ್ತ ಕೂತರೆ ನಿಮ್ಮ ರಥ ಮುಂದಿನ ಯುಗಾದಿಗೂ ಹೊರಡುವುದಿಲ್ಲ.

ಸುತ್ತಿಗೆ, ಸೇಂಟ್ ಪಾಲ್

ತೇಗದಮರ ಅವರೇ, ಮಾದರಿಯ ಮಾತು ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಬೆಚ್ಚಗಾಗಬೇಕಾದದ್ದು ನೀವೋ, ಅಂಟೋ? ಇವೆರಡೂ ಬೇರೆ ಬೇರೆ ಕೆಲಸ.

ಲೆಕ್ಕ ಸುಲಭ. ಕೋಣೆಯ ಘನ ಅಡಿಯನ್ನು, ಏರಿಸಬೇಕಾದ ಡಿಗ್ರಿ ಫ್ಯಾರನ್‌ಹೀಟನ್ನು ಗುಣಿಸಿ, ಬಂದದ್ದನ್ನು 0.133ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಬಿಟಿಯು ಬೇಕೆಂದು ಸಿಗುತ್ತದೆ. ಹೀಟರ್ ತಯಾರಕರೇ ಬಳಸುವ ಸೂತ್ರ ಇದು. ನಿಮ್ಮದು 3,872 ಘನ ಅಡಿ. 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 15,400 ಬಿಟಿಯು. 60ಕ್ಕೆ ಏರಿಸಲು 20,600. ಹೊರಗೆ ಸೊನ್ನೆ ಇರುವ ದಿನ 50ಕ್ಕೆ ತರಲು 25,700. ತಗಡಿನ ಬಾಗಿಲು, ಗಾಳಿ ನುಗ್ಗುವ ಸಂದುಗಳನ್ನು ನೋಡಿದರೆ ಇದರ ಮೇಲೆ ಇನ್ನಷ್ಟು ಸೇರಿಸಬೇಕು.

ಆದರೆ ಪ್ರೊಪೇನ್ ಹೀಟರನ್ನು ನೀವು ಎದುರಿಗೆ ಇರುವಷ್ಟು ಹೊತ್ತು ಮಾತ್ರ ಉರಿಸಬಹುದು. ಹಚ್ಚಿಟ್ಟು ಊಟಕ್ಕೆ ಒಳಗೆ ಹೋಗುವಂತಿಲ್ಲ, ಮಲಗುವುದಂತೂ ದೂರವೇ ಉಳಿಯಿತು. ಮರದ ಅಂಟು ಕೇಳುವುದೋ ಬಹಳ ಹೊತ್ತು ನಿಲ್ಲುವ ಬಿಸಿಯನ್ನು. ಟೈಟ್‌ಬಾಂಡ್ ಎಂಬ ಮರದಂಟಿನ ಮೂಲ ಮಾದರಿಗೆ ಕನಿಷ್ಠ 50 ಡಿಗ್ರಿ, ಎರಡನೆಯದಕ್ಕೆ 55, ಮೂರನೆಯದಕ್ಕೆ 47 ಡಿಗ್ರಿ ಬೇಕು. ಗಾಳಿ ಅಷ್ಟಿದ್ದರೆ ಸಾಲದು, ಮರವೂ ಅಷ್ಟು ಬೆಚ್ಚಗಿರಬೇಕು. ಇಲ್ಲದಿದ್ದರೆ ಅಂಟು ಬಿಳಿಯ ಸುಣ್ಣದ ಪುಡಿಯಂತೆ ಒಣಗಿ, ಕೀಲು ಕೈಯಲ್ಲೇ ಬಿಟ್ಟುಕೊಳ್ಳುತ್ತದೆ. ಗ್ಯಾರೇಜ್ ಎರಡು ಗಂಟೆ ಬೆಚ್ಚಗಿದ್ದು ರಾತ್ರಿ ಮತ್ತೆ 20ಕ್ಕೆ ಇಳಿದರೆ ಸಿಂಹಾಸನದ ಮೇಲೆ ರಾಜ ಕೂರುವಾಗ ಗೊತ್ತಾಗುತ್ತದೆ. ಅಂಟಿಸುವುದನ್ನೂ ಬಣ್ಣ ಬಳಿಯುವುದನ್ನೂ ನೆಲಮಾಳಿಗೆಗೆ ಒಯ್ಯಿರಿ. ಕೊಯ್ಯುವುದು, ಉಜ್ಜುವುದು, ತೂತು ಕೊರೆಯುವುದು ಗ್ಯಾರೇಜಿನಲ್ಲಿ. ಆಗ ಹೀಟರ್ ಕಾಯಿಸಬೇಕಾದದ್ದು ನಿಮ್ಮನ್ನು ಮಾತ್ರ, ಅದಕ್ಕೆ 18,000 ಬಿಟಿಯು ಧಾರಾಳ.

ತೇಗದಮರ

ನೆಲಮಾಳಿಗೆಯಲ್ಲಿ ಜಾಗ ಇದೆ. ಮನೆಯವರನ್ನು ಒಪ್ಪಿಸಬೇಕು. ಹಾಗಾದರೆ 18,000ದ್ದು ಯಾವ ಬಗೆಯದು ಎಂದು ಹೇಳಿ.

ಸುತ್ತಿಗೆ

ಅಂಗಡಿಯಲ್ಲಿ ನೀವು ನೋಡಿದ್ದು ಮೂರು ಬಗೆ.

ಮೊದಲನೆಯದು ಸಿಲಿಂಡರಿನ ನೆತ್ತಿಯ ಮೇಲೆಯೇ ಕೂರುವ, ತಟ್ಟೆಯ ಆಕಾರದ್ದು. ಅಗ್ಗ, ಒಂದು ತಲೆಯದು 15,000 ಬಿಟಿಯುವರೆಗೆ ಕೊಡುತ್ತದೆ. ವಾಲಿದರೆ ಆರುತ್ತದೆ, ಅದಕ್ಕಿಂತ ಹೆಚ್ಚಿನ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. 20 ಪೌಂಡಿನ ಸಿಲಿಂಡರ್ ಒಳಗೇ ಇರಬೇಕಾಗುತ್ತದೆ. ಕಟ್ಟಡ ಕೆಲಸದ ಬಯಲಿಗೆ ಸರಿ, ನಿಮಗೆ ಬೇಡ.

ಎರಡನೆಯದು ಹಿಮಕರಡಿಯವರ ಟಾರ್ಪಿಡೊ. ಫ್ಯಾನ್ ಇದೆ, ಅದಕ್ಕೆ ಕರೆಂಟ್ ಬೇಕು. ಗಾಳಿಯನ್ನೇ ಕಾಯಿಸಿ ಊದುತ್ತದೆ. ಸದ್ದು ಜೋರು. ಅದಕ್ಕಿಂತ ಮುಖ್ಯವಾಗಿ, ಅದು ಹಿಂದಿನಿಂದ ಗಾಳಿ ಎಳೆದುಕೊಂಡು ಬಯಲು ಜ್ವಾಲೆಯ ಮೇಲೆ ಹಾಯಿಸುತ್ತದೆ. ಗರಗಸದ ಪುಡಿ ತೇಲುವ ಕೋಣೆಯಲ್ಲಿ ಅದನ್ನು ಇಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಮೂರನೆಯದು ಸೆರಾಮಿಕ್ ಹಲಗೆ ಕೆಂಪಗೆ ಕಾದು ಶಾಖವನ್ನು ನೇರವಾಗಿ ಎದುರಿಗಿರುವವರ ಮೇಲೆ ಬೀರುವಂಥದ್ದು. ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’ (Buddy) ಎಂಬ ಹೀಟರ್ ಇದೇ ಜಾತಿ: ಚಿಕ್ಕದು 4,000 ಮತ್ತು 9,000; ದೊಡ್ಡದು 4,000, 9,000 ಮತ್ತು 18,000 ಬಿಟಿಯು. ಬೇರೆ ಕಂಪನಿಗಳೂ ಇಂಥದ್ದನ್ನು ಮಾಡುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸೆನ್ಸರ್ ಇದೆಯೇ, ಉರುಳಿಬಿದ್ದರೆ ಆರುವ ಸ್ವಿಚ್ ಇದೆಯೇ, ಒಳಾಂಗಣ ಬಳಕೆಗೆ ಒಪ್ಪಿಗೆಯ ಗುರುತು ಪೆಟ್ಟಿಗೆಯ ಮೇಲೆ ಇದೆಯೇ ಎಂಬುದನ್ನು. ಮೂರರಲ್ಲಿ ಒಂದಿಲ್ಲದಿದ್ದರೂ ವಾಪಸ್ ಇಟ್ಟುಬಿಡಿ.

ಹಿಮಕರಡಿ

ಸುತ್ತಿಗೆಯವರು ನನ್ನ ಟಾರ್ಪಿಡೊವನ್ನು ಬಾಂಬ್ ಮಾಡಿಬಿಟ್ಟರು! ಸ್ವಾಮಿ, ನನ್ನ ಗ್ಯಾರೇಜಿನಲ್ಲಿ ಮರದ ಪುಡಿ ಇಲ್ಲ, ಕಬ್ಬಿಣ ಇದೆ. ಕಾರಿನಡಿ ಮಲಗಿ ಕೆಲಸ ಮಾಡುವವನಿಗೆ ಎದುರಿನಿಂದ ಬರುವ ಶಾಖದಿಂದ ಏನು ಪ್ರಯೋಜನ? ಕಾಂಕ್ರೀಟ್ ಬೆನ್ನನ್ನು ಕೊರೆಯುತ್ತಿರುತ್ತದೆ. ಬಾಗಿಲನ್ನು ಒಂದಡಿ ಎತ್ತಿಯೇ ಹಚ್ಚುತ್ತೇನೆ.

ಸುತ್ತಿಗೆ

ನಿಮ್ಮ ಕೆಲಸಕ್ಕೆ ಅದರ ಅನುಕೂಲ ಒಪ್ಪಿದೆ. ಆದರೆ ಬ್ರೇಕ್ ಕೆಲಸ ಎಂದಿರಲ್ಲ, ಬ್ರೇಕ್ ಕ್ಲೀನರ್ ಡಬ್ಬಿಯ ಮೇಲೆ ಕ್ಲೋರಿನೇಟೆಡ್ ಎಂದು ಬರೆದಿದೆಯೇ ನೋಡಿ. ಅದರ ಆವಿ ಜ್ವಾಲೆಗೋ ಕೆಂಪಗೆ ಕಾದ ಲೋಹಕ್ಕೋ ತಾಗಿದರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೇ ಅದು. ಕ್ಲೋರಿನ್ ಇಲ್ಲದ್ದನ್ನು ಕೊಂಡರೂ ಕಷ್ಟವೇ, ಅದು ಧಗ್ಗನೆ ಹತ್ತಿಕೊಳ್ಳುತ್ತದೆ. ಯಾವ ಡಬ್ಬಿಯಾದರೂ ಸರಿ, ಹೀಟರ್ ಆರಿಸಿ ತಣ್ಣಗಾದ ಮೇಲೆ ಸಿಂಪಡಿಸಿ. ತೇಗದಮರ ಅವರ ವಾರ್ನಿಷ್, ಥಿನ್ನರ್‌ಗಳಿಗೂ ಇದೇ ಮಾತು.

ಹಿಮಕರಡಿ

ಇದು ಗೊತ್ತಿರಲಿಲ್ಲ. ಈಗಲೇ ಹೋಗಿ ಡಬ್ಬಿ ನೋಡುತ್ತೇನೆ.

ಕೊಲಂಬಸ್ ದಾದಿ, ಒಹಾಯೊ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಆಮ್ಲಜನಕದ ಸೆನ್ಸರ್ ಇದೆ ಎಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅದು ಕಾರ್ಬನ್ ಮಾನಾಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿ ಸಾಮಾನ್ಯವಾಗಿ 20.9 ಶೇಕಡಾ ಇರುವ ಆಮ್ಲಜನಕ 18ರ ಆಸುಪಾಸಿಗೆ ಇಳಿದಾಗ ಪೈಲಟ್ ಜ್ವಾಲೆ, ಅಂದರೆ ಬರ್ನರನ್ನು ಹೊತ್ತಿಸುವ ಪುಟ್ಟ ಜ್ವಾಲೆ, ತನ್ನ ಜಾಗ ಬಿಟ್ಟು ಮೇಲೇಳುತ್ತದೆ, ಹೀಟರ್ ಆರುತ್ತದೆ, ಅಷ್ಟೇ. ಬರ್ನರಿನಲ್ಲಿ ಧೂಳು ಕೂತು ಉರಿ ಕೆಟ್ಟರೆ ಆಮ್ಲಜನಕ ಸಾಕಷ್ಟಿರುವಾಗಲೂ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ.

ತಲೆನೋವು, ಓಕರಿಕೆ, ಸುಸ್ತು, ಮಂಕು. ಜ್ವರವಿಲ್ಲದ ಫ್ಲೂ ಎಂದುಕೊಂಡು ಮಲಗಿಬಿಡುತ್ತಾರೆ. ಕೊರೊನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ದಯವಿಟ್ಟು ನಂಬಬೇಡಿ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹಿಡಿದದ್ದೆಂದೇ ಓದುತ್ತದೆ. ಮನುಷ್ಯ ಕುಸಿಯುತ್ತಿದ್ದರೂ 98 ಎಂದು ತೋರಿಸಬಹುದು.

ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಕಿಟಕಿಯಿಲ್ಲದ ಪುಟ್ಟ ಕೋಣೆ, ಮುಚ್ಚಿದ ಬಾಗಿಲು, ಉರಿಯುವ ಗ್ಯಾಸ್. ಬಿಗಿಯಾಗಿ ಮುಚ್ಚಿದ ಗ್ಯಾರೇಜಿನಲ್ಲಿ ಆಗುವುದೂ ಅದೇ. ನಿಮ್ಮದು ಮನೆಗೆ ಅಂಟಿಕೊಂಡ ಗ್ಯಾರೇಜ್ ಬೇರೆ. ಒಳಬಾಗಿಲಿನ ಸಂದಿನಿಂದ ಮನೆಯೊಳಕ್ಕೂ ನುಸುಳುತ್ತದೆ. ಗ್ಯಾರೇಜಿನಲ್ಲಿ ಒಂದು, ಮನೆಯೊಳಗೆ ಆ ಬಾಗಿಲಿನ ಹತ್ತಿರ ಒಂದು ಮಾನಾಕ್ಸೈಡ್ ಅಲಾರಂ ಹಾಕಿ.

ಸುತ್ತಿಗೆ

ದಾದಿ ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ. ಸಾಮಾನ್ಯ ಮನೆಯ ಅಲಾರಂಗಳು ಯುಎಲ್ 2034 ಎಂಬ ಮಾನಕದಂತೆ ಕೂಗುತ್ತವೆ. ಹತ್ತು ಲಕ್ಷ ಭಾಗಕ್ಕೆ 70 ಭಾಗ ಮಾನಾಕ್ಸೈಡ್ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 150 ಇದ್ದರೆ 10ರಿಂದ 50 ನಿಮಿಷದೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ. 30 ಭಾಗ ದಿನಗಟ್ಟಲೆ ಇದ್ದರೂ ಕೂಗಕೂಡದು ಎಂಬುದೇ ನಿಯಮ. ಹಾಗಾಗಿ ಅಂಕಿ ತೋರಿಸುವ ಪರದೆ ಇರುವುದನ್ನೇ ಕೊಳ್ಳಿ, ಕೂಗಲಿ ಎಂದು ಕಾಯದೆ ಆಗಾಗ ಕಣ್ಣು ಹಾಯಿಸಿ.

ಇನ್ನೊಂದು, ಆ ಅಲಾರಂಗಳಲ್ಲಿ ಹೆಚ್ಚಿನವು 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಕೆಲಸ ಮಾಡುವ ಖಾತರಿ ಕೊಡುವುದಿಲ್ಲ. ಹೆಪ್ಪುಗಟ್ಟುವ ಗ್ಯಾರೇಜಿನ ಗೋಡೆಗೆ ಖಾಯಂ ಮೊಳೆ ಹೊಡೆದು ನೇತುಹಾಕಬೇಡಿ. ಬ್ಯಾಟರಿಯದ್ದನ್ನು ಮನೆಯೊಳಗೆ ಇಟ್ಟುಕೊಂಡು, ಕೆಲಸಕ್ಕೆ ಹೋಗುವಾಗ ಕನ್ನಡಕದ ಜೊತೆ ಎತ್ತಿಕೊಂಡು ಹೋಗಿ.

ಎಡಿಸನ್ ಹೊಸಬ, ನ್ಯೂಜೆರ್ಸಿ

ನನ್ನದು ಪೆದ್ದು ಪ್ರಶ್ನೆ ಇರಬಹುದು. ಊರಿನಲ್ಲಿ 14.2 ಕೆ.ಜಿ. ಸಿಲಿಂಡರ್ ಅಡುಗೆಮನೆಯ ಕಟ್ಟೆಯ ಕೆಳಗೇ ಕೂತಿರುತ್ತದೆ. ಅಮ್ಮ ಅದರ ಪಕ್ಕದಲ್ಲೇ ನಿಂತು ಒಗ್ಗರಣೆ ಹಾಕುತ್ತಾರೆ. ಇಲ್ಲಿ 9 ಕೆ.ಜಿ. ಸಿಲಿಂಡರನ್ನು ಗ್ಯಾರೇಜಿನಲ್ಲಿ ಇಡಲೂ ಏಕಿಷ್ಟು ಭಯ?

ಕಾಕಾ, ಕ್ಯಾಲ್ಗರಿ

ಪ್ರಶ್ನೆ ಪೆದ್ದಲ್ಲ ತಮ್ಮಾ. ಗ್ಯಾಸ್ ಎರಡೂ ಕಡೆ ಗಾಳಿಗಿಂತ ಭಾರವೇ. ಸೋರಿದರೆ ನೆಲದ ಮೇಲೆ ಹರಡುತ್ತದೆ, ತಗ್ಗು ಹುಡುಕಿಕೊಂಡು ಹೋಗುತ್ತದೆ. ನಮ್ಮ ಊರಿನ ಅಡುಗೆಮನೆಗೆ ಕಿಟಕಿ ಇರುತ್ತದೆ, ಹಿತ್ತಲ ಬಾಗಿಲು ತೆರೆದಿರುತ್ತದೆ, ದಿನವಿಡೀ ಯಾರಾದರೂ ಓಡಾಡುತ್ತಾರೆ, ವಾಸನೆ ಬಂದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಗ್ಯಾರೇಜನ್ನು ಮುಚ್ಚಿ ಎರಡು ದಿನ ಆ ಕಡೆ ತಲೆ ಹಾಕುವುದಿಲ್ಲ. ಒಳಗೆ ನೀರು ಕಾಯಿಸುವ ಹಂಡೆಯ ಪೈಲಟ್ ಜ್ವಾಲೆ, ಬಾಗಿಲಿನ ಮೋಟರ್, ಫ್ರಿಜ್, ಎಲ್ಲ ಕಿಡಿ ಹಾರಿಸುವ ಸಾಮಾನು. ಗೋಡೆಯಾಚೆ ಮಕ್ಕಳು ಮಲಗಿರುತ್ತಾರೆ.

ಇನ್ನೊಂದು ವ್ಯತ್ಯಾಸವೂ ಇದೆ. ಊರಿನ ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಬ್ಯುಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ದ್ರವವಾಗಿ ಕೂತುಬಿಡುತ್ತದೆ, ಆವಿಯಾಗಿ ಮೇಲೇಳುವುದಿಲ್ಲ. ಇಲ್ಲಿಯ ಚಳಿಗೆ ಅದು ನಡೆಯದು. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗೆಂದು ಚಳಿ ಅದನ್ನು ಮುಟ್ಟುವುದಿಲ್ಲ ಎಂದಲ್ಲ. ಮೈನಸ್ 25ರಲ್ಲಿ ದೊಡ್ಡ ಟಾರ್ಪಿಡೊವನ್ನು ಒಂದು ಚಿಕ್ಕ ಸಿಲಿಂಡರಿಗೆ ಜೋಡಿಸಿ ನೋಡಿ: ಸ್ವಲ್ಪ ಹೊತ್ತಿನಲ್ಲೇ ಸಿಲಿಂಡರಿನ ಕೆಳಭಾಗಕ್ಕೆ ಬಿಳಿ ಹಿಮ ಕಟ್ಟುತ್ತದೆ, ಎಷ್ಟು ಎತ್ತರಕ್ಕೆ ದ್ರವ ಇದೆಯೋ ಅಷ್ಟು ಎತ್ತರಕ್ಕೆ ಗೆರೆ ಎಳೆದಂತೆ. ಆವಿಯಾಗಲು ಬೇಕಾದ ಶಾಖ ಸಿಗದೆ ಒತ್ತಡ ಕುಸಿದು ಜ್ವಾಲೆ ತೂಕಡಿಸುತ್ತದೆ. ಆಗ ಸಿಲಿಂಡರಿಗೆ ಬೆಂಕಿ ತೋರಿಸುವ ಮಹಾನುಭಾವರೂ ಇದ್ದಾರೆ. ಅಂಥವರ ನೆರೆಮನೆಯಲ್ಲಿ ಇರಬೇಡಿ.

ಸುತ್ತಿಗೆ

ನಿಯಮವನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಎನ್‌ಎಫ್‌ಪಿಎ 58 ಎಂಬ ಸಂಹಿತೆಯ ಪ್ರಕಾರ ಮನೆಯೊಳಗೆ, ನೆಲಮಾಳಿಗೆಯಲ್ಲಿ, ಗ್ಯಾರೇಜಿನಲ್ಲಿ 20 ಪೌಂಡಿನ ಸಿಲಿಂಡರನ್ನು ಸಂಗ್ರಹಿಸಿ ಇಡುವಂತಿಲ್ಲ. ಗ್ಯಾರೇಜ್ ಮನೆಯಿಂದ ಬೇರೆಯಾಗಿ ನಿಂತಿದ್ದರೂ ಇದೇ ಮಾತು. 1 ಪೌಂಡಿನ ಹಸಿರು ಸಿಲಿಂಡರ್ ಎರಡಕ್ಕೆ ಮಾತ್ರ ಅವಕಾಶ. ಊರೂರಿನ ಅಗ್ನಿಶಾಮಕ ಕಚೇರಿ ಇನ್ನೂ ಬಿಗಿ ಮಾಡಿರಬಹುದು, ಒಂದು ಫೋನ್ ಮಾಡಿ ಕೇಳಿ. ತೇಗದಮರ ಅವರೇ, ಬಾಡಿಗೆ ಕರಾರು ಮತ್ತು ವಿಮೆಯ ಕಾಗದವನ್ನೂ ತೆಗೆದು ಓದಿ. ಮನೆಯ ಮಾಲೀಕರಿಗೆ ಹೇಳದೆ ಮಾಡುವ ಕೆಲಸ ಇದಲ್ಲ.

ತೇಗದಮರ

ಮಾಲೀಕರಿಗೆ ಬರೆದು ಕೇಳಿದೆ. ಒಳಗೆ ದೊಡ್ಡ ಸಿಲಿಂಡರ್ ಇಡಕೂಡದು, ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿರುವಾಗ ಹಚ್ಚಕೂಡದು ಎಂಬ ಎರಡು ಷರತ್ತು ಹಾಕಿ ಒಪ್ಪಿದ್ದಾರೆ. ಹಾಗಾದರೆ 1 ಪೌಂಡಿನವೇ ಗತಿ. ಖರ್ಚು ಹೇಗೆ ಬೀಳುತ್ತದೆ?

ಸುತ್ತಿಗೆ

ಒಂದು ಪೌಂಡ್ ಪ್ರೊಪೇನ್ ಎಂದರೆ ಸುಮಾರು 21,500 ಬಿಟಿಯು. ದೊಡ್ಡ ಬಡ್ಡಿಗೆ ಎರಡು ಹಸಿರು ಸಿಲಿಂಡರ್ ಹಾಕಿ 18,000ದಲ್ಲಿ ಉರಿಸಿದರೆ ಎರಡೂವರೆ ಗಂಟೆಯೊಳಗೆ ಖಾಲಿ. 9,000ಕ್ಕೆ ಇಳಿಸಿದರೆ ಸುಮಾರು ಐದು ಗಂಟೆ. ಮೊದಲ ಇಪ್ಪತ್ತು ನಿಮಿಷ ಪೂರ್ತಿ ಹಚ್ಚಿ, ಆಮೇಲೆ ಇಳಿಸಿಬಿಡಿ. ಹಾಗಿದ್ದೂ ಗ್ಯಾಸನ್ನು ಚಿಲ್ಲರೆಯಾಗಿ ಕೊಳ್ಳುವ ಅತಿ ದುಬಾರಿ ದಾರಿ ಇದೇ. ಖಾಲಿಯಾದದ್ದಕ್ಕೆ ನೀವೇ ತುಂಬಿಸಿಕೊಳ್ಳುವ ಪುಟ್ಟ ಅಡಾಪ್ಟರ್ ಮಾರುತ್ತಾರೆ. ಆ ಎಸೆಯುವ ಸಿಲಿಂಡರನ್ನು ತುಂಬಿಸಿ ಸಾಗಿಸುವುದು ಅಪರಾಧವೆಂದು ಅದರ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ. ಮರುತುಂಬಲೆಂದೇ ಮಾಡಿದ 1 ಪೌಂಡಿನವು ಬೇರೆ ಸಿಗುತ್ತವೆ. ಹೆಚ್ಚು ದಿನ ಬಳಸುವುದಿದ್ದರೆ ಅವನ್ನು ಕೊಳ್ಳಿ.

ಹೋಲಿಕೆಗೆ ಹೇಳುತ್ತೇನೆ. 20 ಪೌಂಡಿನ ಸಿಲಿಂಡರನ್ನು ಅದಲುಬದಲು ಮಾಡಿಕೊಳ್ಳುವ ಕಡೆ ಹಲವು ಬಾರಿ ತುಂಬಿರುವುದು 15 ಪೌಂಡ್ ಮಾತ್ರ. ಅಂದರೆ 3,22,000 ಬಿಟಿಯು, ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 94 ಯೂನಿಟ್. ಯೂನಿಟ್‌ಗೆ 18 ಸೆಂಟ್ ಎಂದರೆ 17 ಡಾಲರ್. ಅದಲುಬದಲಿಗೆ ಅದಕ್ಕಿಂತ ಹೆಚ್ಚು ಕೊಡುವ ಊರುಗಳೇ ಬಹಳ. ಪ್ರೊಪೇನ್ ಅಗ್ಗ ಎಂಬ ನಂಬಿಕೆಯನ್ನು ಒಮ್ಮೆ ತೂಗಿ ನೋಡಿ.

ಮಲೆನಾಡಿಗ, ಡೆನ್ವರ್

ಹಾಗಾದರೆ ಸಾದಾ 1,500 ವಾಟಿನ ಕರೆಂಟ್ ಹೀಟರ್ ಎರಡು ಇಟ್ಟುಕೊಂಡರೆ ಆಗದೇ? ಗ್ಯಾಸಿನ ಗೋಜೇ ಇಲ್ಲ.

ಸುತ್ತಿಗೆ

ಒಂದಕ್ಕೆ 5,100 ಬಿಟಿಯು, ಎರಡಕ್ಕೆ 10,200. ತೊಡಕಿರುವುದು ಬೇರೆ ಕಡೆ. ಬಹುಪಾಲು ಗ್ಯಾರೇಜುಗಳಿಗೆ ಬರುವುದು 15 ಅಥವಾ 20 ಆಂಪಿಯರಿನ ಒಂದೇ ಸರ್ಕ್ಯೂಟ್. ಒಂದು ಹೀಟರೇ 12.5 ಆಂಪಿಯರ್ ತಿನ್ನುತ್ತದೆ. ಟೇಬಲ್ ಗರಗಸ ಚಾಲೂ ಮಾಡಿದ ಕ್ಷಣ ಬ್ರೇಕರ್ ಬೀಳುತ್ತದೆ. ಸ್ವಂತ ಮನೆಯಾಗಿದ್ದರೆ 240 ವೋಲ್ಟಿನ 7,500 ವಾಟ್ ಹೀಟರಿಗೆ 40 ಆಂಪಿಯರಿನ ಲೈನ್ ಎಳೆಸಿಬಿಡಿ, ಈ ಚರ್ಚೆಯನ್ನು ಇಲ್ಲಿಗೇ ಮುಚ್ಚಿ ಎನ್ನುತ್ತಿದ್ದೆ. 25,600 ಬಿಟಿಯು, ಹೊಗೆಯಿಲ್ಲ, ನೀರಿಲ್ಲ.

ಮಲೆನಾಡಿಗ

ನೀರಿಲ್ಲ ಎಂದರೆ?

ಸುತ್ತಿಗೆ

ಪ್ರೊಪೇನ್ ಉರಿದರೆ ಇಂಗಾಲದ ಡೈಆಕ್ಸೈಡ್ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಒಂದು ಪೌಂಡ್ ಗ್ಯಾಸಿಗೆ 1.6 ಪೌಂಡ್ ನೀರು. 18,000 ಬಿಟಿಯು ಹೀಟರ್ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಹೊಗೆಕೊಳವೆ ಇಲ್ಲವಲ್ಲ, ಎಲ್ಲವೂ ಒಳಗೇ. ಆ ಆವಿ ತಣ್ಣನೆಯ ಕಬ್ಬಿಣವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಎರಕಹೊಯ್ದ ಗರಗಸದ ಮೇಜಿನ ಮೇಲೆ ಅಂಗೈ ಇಟ್ಟು ತೆಗೆದರೆ ಐದು ಬೆರಳೂ ಮೂಡುವಷ್ಟು ಪಸೆ. ಬೆಳಗಾಗುವ ಹೊತ್ತಿಗೆ ಅದೇ ಜಾಗದಲ್ಲಿ ಕಂದು ತುಕ್ಕು. ಉಜ್ಜುಗೊರಡಿನ ಅಲಗು, ಉಳಿ, ಡ್ರಿಲ್ ಬಿಟ್ಟುಗಳ ಪಾಡೂ ಇದೇ. ಕೆಲಸ ಮುಗಿದ ಮೇಲೆ ಹೀಟರ್ ಆರಿಸಿ, ಬಾಗಿಲನ್ನು ಸ್ವಲ್ಪ ಹೊತ್ತು ತೆರೆದು ತೇವವನ್ನು ಹೊರಗೆ ಕಳಿಸಿ. ಕಬ್ಬಿಣಕ್ಕೆ ಮೇಣ ತಿಕ್ಕಿಡಿ. ಇದನ್ನು ಹೀಟರ್ ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ.

ಕಾಕಾ, ಕ್ಯಾಲ್ಗರಿ

ಅದಕ್ಕೇ ನಾನು ಡೀಸೆಲ್ ಹೀಟರಿಗೆ ಬದಲಾದೆ. ಲಾರಿ ಚಾಲಕರು ಕ್ಯಾಬಿನ್ನಿಗೆ ಹಾಕಿಸಿಕೊಳ್ಳುವಂಥದ್ದು. ಉರಿಯಲು ಗಾಳಿಯನ್ನು ಹೊರಗಿನಿಂದ ಎಳೆಯುತ್ತದೆ, ಹೊಗೆಯನ್ನು ಕೊಳವೆಯಲ್ಲಿ ಹೊರಗೇ ಬಿಡುತ್ತದೆ, ಒಳಗೆ ಬರುವುದು ಒಣ ಬಿಸಿಗಾಳಿ ಮಾತ್ರ. ಆದರೆ ಗೋಡೆಯಲ್ಲಿ ತೂತು ಬೇಕು, ಹೊಗೆಕೊಳವೆ ಮರಕ್ಕೆ ತಾಗದಂತೆ ಜೋಡಿಸಬೇಕು. ಬಾಡಿಗೆ ಮನೆಗೆ ಆಗದ ಮಾತು. ಅಗ್ಗದವುಗಳ ಜೊತೆ ಬರುವ ಕೈಪಿಡಿಯನ್ನು ಓದಿ ಅರ್ಥ ಮಾಡಿಕೊಳ್ಳುವವರಿಗೆ ಹಳಗನ್ನಡ ಕಷ್ಟವೇ ಆಗಲಾರದು.

ಮಲೆನಾಡಿಗ, ಡೆನ್ವರ್

ನನ್ನಂತೆ ಎತ್ತರದಲ್ಲಿ ಇರುವವರಿಗೆ ಒಂದು ಮಾತು: ಬಡ್ಡಿ ಹೀಟರುಗಳು 7,000 ಅಡಿಗಿಂತ ಮೇಲೆ ತಾವೇ ಆರಿಹೋಗಬಹುದು ಎಂದು ಕಂಪನಿಯೇ ಹೇಳುತ್ತದೆ. ಗಾಳಿ ತೆಳುವಾದ್ದರಿಂದ ಸೆನ್ಸರ್ ಆಮ್ಲಜನಕ ಕಡಿಮೆಯಾಯಿತೆಂದು ತಿಳಿಯುತ್ತದೆ. ಡೆನ್ವರ್ 5,280 ಅಡಿ, ಇಲ್ಲಿ ಸರಿಯಾಗಿಯೇ ಉರಿಯುತ್ತದೆ. ಬೆಟ್ಟದ ಮೇಲಿನ ಸ್ನೇಹಿತರ ಕ್ಯಾಬಿನ್ನಿಗೆ ಒಯ್ದರೆ ಹಟ ಹಿಡಿಯುತ್ತದೆ. ಸೆನ್ಸರಿಗೆ ಮೋಸ ಮಾಡುವ ವಿಡಿಯೋಗಳು ಸಿಗುತ್ತವೆ, ನೋಡಲೂ ಹೋಗಬೇಡಿ.

ತೇಗದಮರ

ಸರಿ, ದೊಡ್ಡ ಬಡ್ಡಿಯಂಥದ್ದನ್ನೇ ತೆಗೆದುಕೊಳ್ಳುತ್ತೇನೆ, ಅಂಕಿ ತೋರಿಸುವ ಅಲಾರಂ ಎರಡು. ಬಾಗಿಲನ್ನು ಎಷ್ಟು ತೆರೆದಿಡಬೇಕು? ಪೂರ್ತಿ ತೆರೆದರೆ ಬೀದಿಯನ್ನು ಕಾಯಿಸಿದಂತಾಗುತ್ತದೆ.

ಸುತ್ತಿಗೆ

ಎಷ್ಟು ಚದರ ಇಂಚು ಬೇಕೆಂದು ಆಯಾ ಹೀಟರಿನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ, ಅದಕ್ಕಿಂತ ಕಡಿಮೆ ಮಾಡಬೇಡಿ. 16 ಅಡಿ ಅಗಲದ ಬಾಗಿಲನ್ನು ಒಂದೇ ಒಂದು ಇಂಚು ಎತ್ತಿದರೂ 192 ಚದರ ಇಂಚು ಸಿಗುತ್ತದೆ. ಎದುರು ಗೋಡೆಯಲ್ಲಿ ಕಿಟಕಿ ಇದ್ದರೆ ಮೇಲಿನಿಂದ ಸ್ವಲ್ಪ ಸರಿಸಿ, ಕೆಳಗಿನಿಂದ ಬಂದ ಗಾಳಿ ಮೇಲಿನಿಂದ ಹೋಗಲಿ. ಬಾಗಿಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಯಾರಾದರೂ ರಿಮೋಟ್ ಒತ್ತಿದರೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಹೀಟರನ್ನು ಮರದ ಪುಡಿಯ ರಾಶಿಯಿಂದ, ಬಟ್ಟೆಯಿಂದ, ಡಬ್ಬಿಗಳಿಂದ ಕನಿಷ್ಠ ಮೂರು ಅಡಿ ದೂರ ಇಡಿ. ಕೈಪಿಡಿ ಹೆಚ್ಚು ಕೇಳಿದರೆ ಹೆಚ್ಚು. ಮರ ಉಜ್ಜಿ ಪುಡಿ ಎಬ್ಬಿಸುವಾಗ ಆರಿಸಿ, ಕೂತ ಮೇಲೆ ಹಚ್ಚಿ. ಬಡಗಿಗಳ ಹೀಟರ್ ಬೇಗ ಕೆಡುವುದು ಪುಡಿಯಿಂದಲೇ. ಪೈಲಟಿನ ಸಣ್ಣ ತೂತಿಗೆ ಧೂಳು ಕೂತರೆ ಹಚ್ಚಿದಷ್ಟು ಸಲವೂ ಆರುತ್ತದೆ. ಜನ ಸೆನ್ಸರ್ ಕೆಟ್ಟಿತು ಎಂದು ಎಸೆದುಬಿಡುತ್ತಾರೆ. ತಣ್ಣಗಿರುವಾಗ, ಸಿಲಿಂಡರ್ ಬಿಚ್ಚಿಟ್ಟು, ಒತ್ತಡದ ಗಾಳಿಯಿಂದ ಊದಿದರೆ ಬಹಳ ಸಲ ಸರಿಹೋಗುತ್ತದೆ.

ಕೊಲಂಬಸ್ ದಾದಿ

ಮಕ್ಕಳು ಮನೆಯಲ್ಲಿದ್ದರೆ ನೆಲದ ಮೇಲೆ ಟೇಪಿನಿಂದ ಒಂದು ಗೆರೆ ಹಾಕಿ, ಅದರಾಚೆ ಬರಕೂಡದು ಎಂದು ಹೇಳಿ. ಸುಟ್ಟ ಕೈ ನೋಡಿ ಸಾಕಾಗಿದೆ.

ಹಿಮಕರಡಿ

ನನ್ನ ಡಬ್ಬಿ ಕ್ಲೋರಿನೇಟೆಡ್ ಎಂದೇ ಇದೆ. ಇನ್ನು ಮುಂದೆ ಆರಿಸಿಯೇ ಸಿಂಪಡಿಸುವುದು. ಸುತ್ತಿಗೆಯವರೇ, ಇನ್ನೊಂದು ಕೇಳಬೇಕಿತ್ತು. ಹೊರಗಿಟ್ಟ 20 ಪೌಂಡಿನ ಸಿಲಿಂಡರ್ ತುಂಬಿದೆ, ಆದರೂ ಕೆಲವು ಸಲ ಟಾರ್ಪಿಡೊ ಮೊಂಬತ್ತಿಯಷ್ಟೇ ಉರಿಯುತ್ತದೆ. ಚಳಿಯೂ ಅಷ್ಟೇನಿಲ್ಲ.

ಕಾಕಾ, ಕ್ಯಾಲ್ಗರಿ

ವಾಲ್ವನ್ನು ಗಡಬಡಿಸಿ ತಿರುಗಿಸುತ್ತೀರಿ. ಒಮ್ಮೆಗೇ ತೆರೆದರೆ ಪೈಪ್ ಸೋರುತ್ತಿದೆ ಎಂದು ತಿಳಿದು ಒಳಗಿನ ಸುರಕ್ಷಾ ತಡೆ ಹರಿವನ್ನು ಹಿಸುಕಿಬಿಡುತ್ತದೆ. ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ನಿಧಾನವಾಗಿ ತೆರೆಯಿರಿ. ಹಾಗೆಯೇ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಖಾಲಿ ತೂಕ ಕೊರೆದಿರುತ್ತಾರೆ, 20 ಪೌಂಡಿನದಕ್ಕೆ ಸುಮಾರು 17 ಪೌಂಡ್. ಬಚ್ಚಲಿನ ತೂಕದ ಯಂತ್ರದ ಮೇಲಿಟ್ಟು ಕಳೆದರೆ ಗ್ಯಾಸ್ ಎಷ್ಟಿದೆ ಎಂದು ತಿಳಿಯುತ್ತದೆ. ಅಲ್ಲೇ ತಯಾರಾದ ತಿಂಗಳು, ವರ್ಷವೂ ಇರುತ್ತದೆ. ಅಮೆರಿಕದಲ್ಲಿ 12 ವರ್ಷ, ನಮ್ಮ ಕೆನಡಾದಲ್ಲಿ 10 ವರ್ಷವಾದ ಮೇಲೆ ಮರುಪರೀಕ್ಷೆ ಆಗದಿದ್ದರೆ ತುಂಬಿಸಿಕೊಡುವುದಿಲ್ಲ.

ತೇಗದಮರ

ಕೊನೆಯದಾಗಿ ಇನ್ನೊಂದು. ತಗಡಿನ ಬಾಗಿಲಿಗೆ ಒಳಗಿನಿಂದ ಫೋಮ್ ಹಲಗೆ ಸಿಕ್ಕಿಸುವ ಕಿಟ್ ಸಿಗುತ್ತದೆ, ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು. ಬಾಗಿಲಿನ ಸ್ಪ್ರಿಂಗ್ ಆ ಭಾರ ತಾಳುತ್ತದೆಯೇ?

ಸುತ್ತಿಗೆ

ಪಾಲಿಸ್ಟೈರೀನ್ ಹಗುರ, ಸಾಮಾನ್ಯವಾಗಿ ತಾಳುತ್ತದೆ. ಹಾಕಿದ ಮೇಲೆ ಬಾಗಿಲು ಕೆಳಗಿರುವಾಗ ಮೋಟರಿನ ಕೆಂಪು ಹಗ್ಗ ಎಳೆದು ಬಿಡಿಸಿ, ಬಾಗಿಲನ್ನು ಕೈಯಿಂದ ಸೊಂಟದ ಎತ್ತರಕ್ಕೆ ಎತ್ತಿ, ಕೈಯನ್ನು ಪೂರ್ತಿ ತೆಗೆಯದೆ ಹಿಡಿತ ಸಡಿಲಿಸಿ. ಅಲ್ಲೇ ನಿಂತರೆ ಸಮತೋಲ ಸರಿಯಿದೆ. ಕೆಳಗೆ ಜಗ್ಗಿದರೆ ಸ್ಪ್ರಿಂಗ್ ಬಿಗಿ ಮಾಡಿಸಬೇಕು. ಅದನ್ನು ನೀವು ಮುಟ್ಟಬೇಡಿ. ಸುರುಳಿಯಲ್ಲಿ ಕೈ ಮುರಿಯುವಷ್ಟು ಬಲ ತುಂಬಿರುತ್ತದೆ, ಬಾಗಿಲಿನ ಕೆಲಸದವರನ್ನೇ ಕರೆಸಿ. ಬಾಗಿಲಿನ ಎರಡು ಪಕ್ಕ ಮತ್ತು ಮೇಲಿನ ರಬ್ಬರ್ ಪಟ್ಟಿ ಸೀಳಿದ್ದರೆ ಅದನ್ನೂ ಬದಲಿಸಿ. ಗಾಳಿ ಎಲ್ಲಿಂದ ಬರಬೇಕು, ಎಷ್ಟು ಬರಬೇಕು ಎನ್ನುವುದು ಆಗ ನಿಮ್ಮ ಕೈಯಲ್ಲಿರುತ್ತದೆ.